ಅಬುಧಾಬಿಯಲ್ಲಿ ನಮ್ಮವರ ಕಂಪ್ಯೂಟರನ್ನು ಹುಡುಕಿದ್ದು

ಎರಡು ಸಾವಿರದ ಹದಿನಾಲ್ಕರ ಜನವರಿಯಲ್ಲಿ, ಮಗಳ ಬಾಣಂತನಕ್ಕೆಂದು ನಾನು ಮಂಗಳೂರಿನಿಂದ ದುಬೈಗೆ ಹೊರಟೆ. ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಬಜೆ, ಕುಚ್ಚಲಕ್ಕಿ, ಮಗುವಿಗೆ ಹಳೆ ಸೀರೆಯ ಮೆತ್ತನೆ ಬಟ್ಟೆಗಳಿದ್ದವು. ಗಸಗಸೆಯ ಒಂದು ಕಾಳು ಸಿಕ್ಕಿದರೂ ಅಲ್ಲಿ ಜೈಲು ಎಂದು ಮಗಳು ಸ್ಮಿತಾ ಫೋನಿನಲ್ಲಿ ಹೆದರಿಸಿದ್ದರಿಂದ ಮಸಾಲೆ ಪುಡಿಗಳನ್ನೆಲ್ಲ ಎರಡೆರಡು ಸಲ ನೋಡಿ ಕಟ್ಟಿದ್ದೆ. ಕೈಚೀಲದಲ್ಲಿ ಒಂದು ಪೆನ್ ಡ್ರೈವ್ ಇತ್ತು. ಹಳೆ ಕ್ಯಾಸೆಟ್ಟಿನಿಂದ ಅದಕ್ಕೆ ಹಾಕಿಸಿದ್ದ ವಿಡಿಯೋದಲ್ಲಿ ಕಾಣುವ ಕಂಪ್ಯೂಟರಿನ ಜಾತಕ ತಿಳಿಯದೆ ವಾಪಸು ಬರುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ.

ವಿಡಿಯೋದ ಕಥೆ ಹೇಳುತ್ತೇನೆ. ನಮ್ಮ ಯಜಮಾನರು, ವಾಸುದೇವ ಅಂತ ಹೆಸರು, ಅಬುಧಾಬಿಯ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಇದ್ದವರು. ಸ್ಮಿತಾಗೆ ಮೂರು ತುಂಬಿದ ವರ್ಷ ಊರಿಗೆ ಬಂದ ಯಾರದೋ ಕೈಯಲ್ಲಿ ಒಂದು ವಿಡಿಯೋ ಕ್ಯಾಸೆಟ್ ಕಳಿಸಿದರು. ವಿ.ಸಿ.ಆರ್. ಬಾಡಿಗೆಗೆ ತಂದು ಓಣಿಯವರೆಲ್ಲ ನೋಡಿದೆವು. ಕೆನೆ ಬಣ್ಣದ, ಸೊಂಟದೆತ್ತರದ ಒಂದು ಯಂತ್ರ, ಪಕ್ಕದಲ್ಲಿ ಟೀವಿಯಂಥ ಪರದೆ, ಅಗಲ ಕಾಗದದ ಪ್ರಿಂಟರು. ಅದಕ್ಕೆ ಮೊಣಕೈ ಊರಿ ನಮ್ಮವರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಹೊಸ ಚರ್ಮದ ಚಪ್ಪಲಿ, ಯಂತ್ರದ ಮೇಲೆ ಚಹಾದ ಫ್ಲಾಸ್ಕು. "ಇದು ನಮ್ಮ ಕಂಪ್ಯೂಟರ್. ಇದನ್ನು ಬಿಟ್ಟು ನಾನು ಎಲ್ಲಿಗೂ ಹೋಗುವ ಹಾಗಿಲ್ಲ. ಇದು ನಿಂತರೆ ಕಂಪೆನಿಯೇ ನಿಂತ ಹಾಗೆ" ಎಂದು ಕ್ಯಾಮರಾ ನೋಡಿ ಹೇಳಿದರು. ನಮ್ಮ ಓಣಿಯಲ್ಲಿ ಅಂದಿನಿಂದ ನಾನು ಕಂಪ್ಯೂಟರಿನವರ ಹೆಂಡತಿಯಾದೆ.

ಆಮೇಲೆ ಇಪ್ಪತ್ತು ವರ್ಷ ಅದೇ ಮಾತು. ಅತ್ತೆ ತೀರಿಕೊಂಡಾಗಲೂ ಮೆಷಿನ್, ಮಗಳಿಗೆ ಟೈಫಾಯಿಡ್ ಬಂದಾಗಲೂ ಮೆಷಿನ್. ನಾಲ್ಕೈದು ವರ್ಷಕ್ಕೊಮ್ಮೆ ಬಂದು, ನೆಂಟರ ಹಾಗೆ ಇದ್ದು ಹೋಗುತ್ತಿದ್ದರು. ಅವರನ್ನು ಅಷ್ಟು ಕಟ್ಟಿಹಾಕಿದ ವಸ್ತು ಏನೆಂದು ತಿಳಿಯುವ ಹಟದಿಂದ ನಾನೂ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಒಂದು ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸವೂ ಸಿಕ್ಕಿ, ಅಲ್ಲಿಂದಲೇ ನಿವೃತ್ತಳಾದೆ. ಎಷ್ಟೋ ಬಗೆಯ ಯಂತ್ರಗಳು ನನ್ನ ಕೈ ಕೆಳಗೆ ಬಂದು ಹೋದವು. ಇವರದ್ದು ಮಾತ್ರ ಯಾವುದನ್ನೂ ಹೋಲಲಿಲ್ಲ. ಕೇಳಿದರೆ ಹೆಸರು ಮರೆತಿದೆ ಎನ್ನುತ್ತಿದ್ದರು.

ನನಗೆ ಬೇಕಾಗಿದ್ದು ಬರೀ ಹೆಸರಲ್ಲ. ಆ ಯಂತ್ರ ಇವರನ್ನು ನಿಜವಾಗಿಯೂ ಹಿಡಿದಿಟ್ಟಿತ್ತೇ ಎಂಬುದು ಬೇಕಿತ್ತು. ಹಿಡಿದಿಟ್ಟಿದ್ದರೆ ಕ್ಷಮಿಸಬಹುದಿತ್ತು. ಅರ್ಧ ಕ್ಷಮಿಸಿಯೂ ಆಗಿತ್ತು.

ಬಜ್ಪೆಯ ವಿಮಾನ ನಿಲ್ದಾಣಕ್ಕೆ ಬಿಡಲು ಬಂದಾಗ ಇವರು ಕೈಚೀಲದ ಕಡೆ ನೋಡಿ, "ಎಂತಕ್ಕೆ ನಿನಗೆ ಅದೆಲ್ಲ? ಹಳೆ ಸಾಮಾನು. ಮಗುವನ್ನು ನೋಡಿಕೊಂಡು ಬಾ" ಎಂದರು. ನಿವೃತ್ತರಾಗಿ ಊರಿಗೆ ಬಂದು ಏಳು ವರ್ಷವಾಗಿತ್ತು. ಅಮ್ಮನ ಜೊತೆ ನೀವೂ ಬನ್ನಿ ಎಂದು ಮಗಳು ಕರೆದಾಗ, ಆ ಊರನ್ನು ನೋಡಿ ಸಾಕಾಗಿದೆ ಎಂದಿದ್ದರು.

ಹೆಚ್ಚುಕಡಿಮೆ ನಾಲ್ಕು ಗಂಟೆಯ ಹಾರಾಟ. ದುಬೈಯಲ್ಲಿ ಇಳಿದಾಗ ಹವೆ ನಮ್ಮ ಡಿಸೆಂಬರ್ ಬೆಳಗಿನ ಹಾಗೆ ತಂಪಾಗಿತ್ತು. ಅಲ್ ನಹ್ದಾದಲ್ಲಿ ಮಗಳ ಮನೆ, ಒಂಬತ್ತನೆಯ ಮಹಡಿ. ಎರಡು ವಾರದಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಬೆಳಿಗ್ಗೆ ಎಣ್ಣೆ ಹಚ್ಚಿ ಮೀಯಿಸುವುದು, ಮಧ್ಯಾಹ್ನ ಗಂಜಿ, ಸಂಜೆ ಹೊಗೆ ಹಾಕುವುದು. ಮೊದಲ ದಿನ ಹೊಗೆ ಹಾಕಿದಾಗ ಸೂರಿನ ಅಲಾರಂ ಹೊಡೆದುಕೊಂಡು ಕೆಳಗಿನ ಸೆಕ್ಯೂರಿಟಿಯವರು ಓಡಿ ಬಂದರು. ಮರುದಿನದಿಂದ ಬಾಲ್ಕನಿಯಲ್ಲಿ ಹಾಕಿದೆ.

ಸ್ಮಿತಾ ಮಗುವಿಗೆ ಹಾಲು ಕೊಡುತ್ತಾ ಕೂತಲ್ಲೇ ಇಪ್ಪತ್ತು ವರ್ಷ ಓಡಿದ ಈ ಯಂತ್ರ ಯಾವುದು ಎಂದು ಕೇಳಿ ಆ ವಿಡಿಯೋವನ್ನು ಇಂಟರ್ನೆಟ್ಟಿಗೆ ಹಾಕಿದಳು. ಹಳೆ ಕಂಪ್ಯೂಟರುಗಳ ಹುಚ್ಚು ಹಿಡಿದ ಜನ ಲೋಕದಲ್ಲಿ ಎಷ್ಟೊಂದಿದ್ದಾರೆ! ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಅಲ್ಲವೆಂದು ಜಗಳ ತೆಗೆದರು. ಹೆಸರಿನ ಫಲಕ ಆ ಮಹಾಶಯನ ಮೊಣಕೈ ಅಡಿ ಇದೆ, ಆತ ಸ್ವಲ್ಪ ಸರಿಯಬಾರದಿತ್ತೇ ಎಂದು ಒಬ್ಬರು ಬೇಸರಪಟ್ಟರು. ಕೊನೆಗೆ ಎರಡು ಹೆಸರು ಉಳಿದವು. ಎರಡೂ ಒಂದೇ ಕಂಪೆನಿಯವು. ಆ ಕಂಪೆನಿಯಲ್ಲಿ ದುಡಿದಿದ್ದ ಮುದುಕರೊಬ್ಬರು ಬರೆದರು: ನಾವು ಎಂಬತ್ತರ ದಶಕದ ನಡುವಿನಲ್ಲೇ ಬಾಗಿಲು ಹಾಕಿದೆವು, ಆಮೇಲೆ ಇದಕ್ಕೆ ಬಿಡಿಭಾಗ ಎಲ್ಲಿಯೂ ಸಿಗುತ್ತಿರಲಿಲ್ಲ, ಇಪ್ಪತ್ತು ವರ್ಷ ನಡೆಯಿತು ಎಂದರೆ ನಾನು ನಂಬುವುದಿಲ್ಲ.

ಸ್ಮಿತಾ ನನ್ನ ಮುಖ ನೋಡಿ, "ಅಮ್ಮ, ಸಾಕು ಬಿಡು" ಎಂದಳು.

"ಎಂತ ಬಿಡುವುದು? ಎಲ್ಲೋ ಕೂತವರಿಗೆ ಅಬುಧಾಬಿಯಲ್ಲಿ ಏನಾಯಿತು ಅಂತ ಹೇಗೆ ಗೊತ್ತು?" ಎಂದು ನಾನೇ ಗಂಡನ ಪರ ವಾದಿಸಿದೆ. ಇಷ್ಟಾದರೂ ನಂಬಿಕೆ ಬಿಟ್ಟಿರಲಿಲ್ಲ ನೋಡಿ, ಅಂಥ ಪೆದ್ದಿ ನಾನು.

ಇವರ ಮಾತಿನಲ್ಲಿ ಆಗಾಗ ಬರುತ್ತಿದ್ದ ಹೆಸರು ಹಮೀದ್. ಅದೇ ಆಫೀಸಿನಲ್ಲಿ ಜೊತೆಗಿದ್ದ ಉಳ್ಳಾಲದ ಬ್ಯಾರಿ ಹುಡುಗ. ಈಗ ಅಬುಧಾಬಿ ಪಕ್ಕದ ಮುಸಫ್ಫಾದಲ್ಲಿ ಸ್ವಂತ ಎ.ಸಿ. ರಿಪೇರಿ ಅಂಗಡಿ ಇಟ್ಟಿದ್ದಾರೆಂದು ಅಳಿಯನ ಗೆಳೆಯರಿಂದ ತಿಳಿಯಿತು. ಫೋನ್ ಮಾಡಿದರೆ, "ವಾಸಣ್ಣನ ಮನೆಯವರಾ? ನೀವು ಬನ್ನಿ ಅಕ್ಕ, ಬಸ್‌ಸ್ಟ್ಯಾಂಡಿಗೆ ನಾನೇ ಬರ್ತೇನೆ" ಎಂದರು.

ಮಗುವಿಗೆ ನಲವತ್ತು ದಿನ ಕಳೆದ ಮೇಲೆ ಒಂದು ಶುಕ್ರವಾರ, ಮನೆಯಲ್ಲಿ ಅಳಿಯ ಇದ್ದುದರಿಂದ, ನಾನು ಒಬ್ಬಳೇ ಹೊರಟೆ. ದುಬೈಯ ಘುಬೈಬಾ ಬಸ್‌ಸ್ಟ್ಯಾಂಡಿನಿಂದ ಅಬುಧಾಬಿಗೆ ಬಸ್ಸು, ಟಿಕೇಟು ಇಪ್ಪತ್ತೈದು ದಿರ್ಹಮ್. ಮುಂದಿನ ಸೀಟುಗಳು ಹೆಂಗಸರಿಗೆ. ಪಕ್ಕದಲ್ಲಿ ಫಿಲಿಪೈನ್ಸಿನ ಒಬ್ಬಳು ನರ್ಸ್ ಹತ್ತಿದ ಕೂಡಲೇ ನಿದ್ದೆ ಹೋದಳು. ಮೊದಲು ಗಾಜಿನ ಕಟ್ಟಡಗಳು, ಆಮೇಲೆ ಮರಳು, ತಂತಿ ಬೇಲಿ, ಹನಿ ನೀರು ಕುಡಿದು ಬದುಕಿದ ಖರ್ಜೂರದ ಗಿಡಗಳು. ಎರಡು ಗಂಟೆಯ ದಾರಿ. ಇಷ್ಟು ಚಂದದ ರಸ್ತೆಯಿದ್ದೂ ಒಂದು ಸಲವೂ ನಮ್ಮನ್ನು ಕರೆಸಿ ತೋರಿಸಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಹಮೀದರು ಹುಡುಗರೇನೂ ಆಗಿರಲಿಲ್ಲ. ಬಿಳಿ ಗಡ್ಡ, ದಪ್ಪ ಕನ್ನಡಕ. ಪಿಕಪ್ಪಿನಲ್ಲಿ ಕೂರಿಸಿಕೊಂಡು ಮುಸಫ್ಫಾಕ್ಕೆ ಕರೆದೊಯ್ದರು. ಸಾಲು ಸಾಲು ವರ್ಕ್‌ಶಾಪುಗಳು, ಶುಕ್ರವಾರವಾದ್ದರಿಂದ ಅರ್ಧಕ್ಕರ್ಧ ಶಟರ್ ಎಳೆದಿದ್ದವು. ಬಿಚ್ಚಿಟ್ಟ ಎ.ಸಿ.ಗಳ ನಡುವೆ ಒಂದು ಕುರ್ಚಿ ಒರೆಸಿ ನನ್ನನ್ನು ಕೂರಿಸಿ, ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದರು. ನಾನು ಮಗಳ ಟ್ಯಾಬ್ ತೆಗೆದು ವಿಡಿಯೋ ಹಾಕಿದೆ.

ನೋಡಿದ್ದೇ ತಡ ಅವರು ಜೋರಾಗಿ ನಕ್ಕರು. "ಯಾ ಅಲ್ಲಾ, ಇದು ಇನ್ನೂ ಉಂಟಾ? ಇದನ್ನು ತೆಗೆದದ್ದೇ ನಾನು ಅಕ್ಕ! ಕ್ಯಾಮರಾ ನಮ್ಮ ಮ್ಯಾನೇಜರಂದು." ಯಂತ್ರದ ಹೆಸರನ್ನೂ ಥಟ್ಟನೆ ಹೇಳಿದರು. ಇಂಟರ್ನೆಟ್ಟಿನವರು ಉಳಿಸಿದ್ದ ಎರಡರಲ್ಲಿ ಅದೊಂದು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಪಾಪ, ಅದರದ್ದೇನೂ ತಪ್ಪಿಲ್ಲ.

"ಎಷ್ಟು ವರ್ಷ ಓಡಿತು ಇದು?" ಎಂದೆ.

"ವರ್ಷ ಎಲ್ಲಿಂದ? ಎರಡು ಬೇಸಿಗೆ. ವಾಸಣ್ಣನೇ ಅದರಲ್ಲಿ ಬಿಲ್ ಹೊಡೀತಿದ್ದದ್ದು, ಅದು ಹೌದು. ಆಮೇಲೆ ಎ.ಸಿ. ಕೈಕೊಟ್ಟಿತು, ಒಳಗೆ ಧೂಳು ಹೋಯಿತು. ಬೊಂಬಾಯಿಯಿಂದ ಇಂಜಿನಿಯರ್ ಬಂದು ನೋಡಿ, ಪಾರ್ಟ್ ಮಾಫಿ, ಎಲ್ಲಿಯೂ ಇಲ್ಲ, ಖಲಾಸ್ ಅಂತ ಹೇಳಿ ಹೋದ."

"ಹಾಗಾದರೆ ಈ ವಿಡಿಯೋ?"

"ಇದು ಹಾಳಾದ ಮೇಲೆ ತೆಗೆದದ್ದಲ್ವಾ? ಸರಿ ಇದ್ದಾಗ ಅದರ ರೂಮಿಗೆ ಹಾಗೆ ನುಗ್ಲಿಕ್ಕೆ ಬಿಡ್ತಿದ್ರಾ? ಚಪ್ಪಲಿ ಹೊರಗೆ ಬಿಡ್ಬೇಕು, ನೀರು ಸಹ ಒಳಗೆ ತರ್ಬಾರ್ದು. ನೋಡಿ, ವಾಸಣ್ಣನ ಕಾಲಲ್ಲಿ ಚಪ್ಪಲಿ ಉಂಟು. ಚಹಾದ ಫ್ಲಾಸ್ಕ್ ಅದರ ಮೇಲೇ ಇಟ್ಟಿದ್ದಾರೆ. ಸತ್ತ ಮೆಷಿನಿನ ಮೇಲೆ ಎಂತ ಇಟ್ಟರೆ ಎಂತ!"

ನಮ್ಮ ಬ್ಯಾಂಕಿನಲ್ಲೂ ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೇವರ ಕೋಣೆಗೆ ಹೋಗುವ ಹಾಗೆ ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದೆವು. ಚಹಾದ ಲೋಟ ಹಿಡಿದು ಬಂದ ಜವಾನನನ್ನು ನಾನೇ ಬೈದು ಓಡಿಸಿದ್ದೇನೆ. ಆ ಚಪ್ಪಲಿಯನ್ನೂ ಫ್ಲಾಸ್ಕನ್ನೂ ಎಷ್ಟು ಸಲ ನೋಡಿದ್ದೆ! ಗಲ್ಫಿನ ರೀತಿ ಬೇರೆ ಇರಬಹುದು ಎಂದುಕೊಂಡಿದ್ದೆ, ಚಪ್ಪಲಿ ಚೆನ್ನಾಗಿದೆ ಎಂದೂ ಮೆಚ್ಚಿದ್ದೆ. ಇದನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ ಎಂದು ಅವರು ಹೇಳಿದ ದಿನವೇ ಅದು ಕೆಟ್ಟು ನಿಂತ ಪೆಟ್ಟಿಗೆಯಾಗಿತ್ತು.

"ಮತ್ತೆ ಇವರು ಏನು ಮಾಡುತ್ತಿದ್ದರು?"

"ಸ್ಟೋರ್ ಕೀಪರ್. ಒಳ್ಳೆ ಕೆಲಸ, ಟೆನ್ಶನ್ ಇಲ್ಲ. ಎರಡು ವರ್ಷಕ್ಕೊಮ್ಮೆ ರಜೆ, ಟಿಕೇಟು ಎಲ್ಲ ಇತ್ತು. ನಾನು ಓಡಿ ಹೋಗ್ತಿದ್ದೆ. ವಾಸಣ್ಣ ರಜೆ ತಗೊಂಡು ಎಷ್ಟೋ ಸಲ ರೂಮಲ್ಲೇ..." ಅಲ್ಲಿಗೆ ಅವರಿಗೆ ನನ್ನ ಮುಖ ಕಂಡಿತು. ಮಾತು ನಿಲ್ಲಿಸಿ ಕನ್ನಡಕ ಒರೆಸತೊಡಗಿದರು. "ನಿಮಗೆ ಗೊತ್ತುಂಟು ಅಂತ ಇದ್ದೆ ಅಕ್ಕ."

"ಗೊತ್ತಿರಲಿಲ್ಲ. ಹೇಳಿ ಪರವಾಗಿಲ್ಲ. ಇಲ್ಲಿ ಯಾರಾದರೂ ಇದ್ದರಾ ಅವರಿಗೆ?"

"ತೌಬಾ! ಅಂಥದ್ದೇನೂ ಇಲ್ಲ ಅಕ್ಕ, ನನ್ನ ಮಕ್ಕಳಾಣೆ."

ಇದ್ದಿದ್ದರೆ ಒಳ್ಳೆಯದಿತ್ತು ಎನ್ನಿಸಿತು. ಹೆಂಗಸಾದರೆ ಹೋಗಿ ಜಗಳ ಮಾಡಬಹುದು. ಯಾರೂ ಇಲ್ಲದ ಕೋಣೆಯನ್ನು ನಮಗಿಂತ ಹೆಚ್ಚು ಇಷ್ಟಪಟ್ಟರೆ ಯಾರ ಜುಟ್ಟು ಹಿಡಿಯುವುದು?

ಮಧ್ಯಾಹ್ನ ಮಲಯಾಳಿ ಹೋಟೆಲಿನಲ್ಲಿ ಮೀನಿನ ಊಟ. ಏನು ತಿಂದೆನೋ ತಿಳಿಯಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ದೊಡ್ಡ ಮಸೀದಿ ತೋರಿಸುತ್ತೇನೆ ಎಂದರು ಹಮೀದರು. ಬೇಡ, ರಜೆಯಲ್ಲಿ ಇವರು ಎಲ್ಲಿಗೆ ಹೋಗುತ್ತಿದ್ದರೋ ಅಲ್ಲಿಗೆ ಕರೆದುಕೊಂಡು ಹೋಗಿ ಎಂದೆ. ಅವರು ಸ್ವಲ್ಪ ಹಿಂದೆ ಮುಂದೆ ನೋಡಿ ಪಿಕಪ್ಪನ್ನು ಅಲ್ ಮೀನಾದ ಕಡೆ ತಿರುಗಿಸಿದರು.

ಅದು ಬಂದರಿನ ಮೀನು ಮಾರುಕಟ್ಟೆ. ಮಂಜುಗಡ್ಡೆಯ ಮೇಲೆ ಅಂಜಲ್, ಹಮ್ಮೂರ್, ಶೇರಿ, ಬುಟ್ಟಿ ಬುಟ್ಟಿ ಏಡಿ. ಒಂದು ಬದಿಯಲ್ಲಿ ಮೀನು ಕತ್ತರಿಸಿ ಕೊಡುವವರ ಸಾಲು. ನೆಲ ತೊಳೆದು ಒದ್ದೆಯಾಗಿತ್ತು. ಚಂದದ ಮಾರುಕಟ್ಟೆ, ಸುಳ್ಳು ಹೇಳಬಾರದು. "ಶುಕ್ರವಾರ ನಾವು ರೂಮಿನವರೆಲ್ಲ ಇಲ್ಲಿಗೆ ಬರ್ತಿದ್ದೆವು. ಚೌಕಾಸಿ ಮಾಡ್ಲಿಕ್ಕೆ ವಾಸಣ್ಣನೇ ಬೇಕು. ಸಾರು ಸಹ ಅವರೇ ಮಾಡ್ತಿದ್ದದ್ದು. ಅವರ ಕೈಯ ಸಾರು ತಿಂದವರು ಬಿಡ್ಲಿಕ್ಕಿಲ್ಲ" ಎಂದರು ಹಮೀದರು. ಕುಡಿದ ನೀರಿನ ಲೋಟವನ್ನು ಎತ್ತಿ ಒಳಗಿಡದ ನಮ್ಮವರು ಆರು ಜನರಿಗೆ ಮೀನಿನ ಸಾರು ಮಾಡಿ ಬಡಿಸುತ್ತಿದ್ದರಂತೆ. ಅಲ್ಲಿಯೇ ನಿಂತು ನಾನು ಅತ್ತುಬಿಟ್ಟೆ. ಮೀನು ಕೊಳ್ಳಲು ಬಂದ ಒಬ್ಬ ಅರಬ್ಬಿ ಹೆಂಗಸು ಏನೂ ಕೇಳದೆ ಟಿಶ್ಯೂ ಕೊಟ್ಟು ಹೋದಳು.

ರಾತ್ರಿ ಮನೆಗೆ ಬಂದಾಗ ಸ್ಮಿತಾ ಬಾಗಿಲು ತೆರೆದು ಏನಾಯಿತೆಂದು ಕೇಳಿದಳು. ಎಲ್ಲ ಹೇಳಿದೆ. ಅವಳು ಮಗುವನ್ನು ಮಡಿಲಿಗೆ ಹಾಕಿಕೊಂಡು ಕಾಲು ತಿಕ್ಕತೊಡಗಿದಳು. "ನನಗೆ ಟೈಫಾಯಿಡ್ ಆದಾಗ ಅಪ್ಪ ಬರಲಿಲ್ಲ ಅಂತ ನಾನು ಕಂಪ್ಯೂಟರಿಗೆ ಬೈಯುತ್ತಿದ್ದೆ, ನೆನಪುಂಟಾ ಅಮ್ಮ?" ಎಂದಳು. ಅಪ್ಪನಿಗೆ ಫೋನ್ ಮಾಡುವ ಮನಸ್ಸು ಆ ವಾರ ಇಬ್ಬರಿಗೂ ಬರಲಿಲ್ಲ.

ಮಾರ್ಚ್ ಕೊನೆಗೆ ನನ್ನ ವಿಸಿಟ್ ವೀಸಾ ಮುಗಿಯಿತು. ದುಬೈಯಲ್ಲಿ ಆಗಲೇ ಬಿಸಿಲು ಏರತೊಡಗಿತ್ತು. ಮಗುವನ್ನು ಬಿಟ್ಟು ಬರುವಾಗ ಆದ ಸಂಕಟವನ್ನು ಇಲ್ಲಿ ಬರೆಯಲಾರೆ. ಬಜ್ಪೆಯಲ್ಲಿ ನಮ್ಮವರು ಟ್ಯಾಕ್ಸಿ ತಂದು ಕಾಯುತ್ತಿದ್ದರು. ಟ್ರಾಲಿ ತೆಗೆದುಕೊಂಡು, ಸೊರಗಿದ್ದೀಯಾ ಎಂದರು. ಟ್ಯಾಕ್ಸಿ ನಿಲ್ದಾಣದ ಗುಡ್ಡ ಇಳಿಯಿತು. ಆಮೇಲೆ, "ಹಮೀದರು ಸಿಕ್ಕಿದ್ದರು. ನಿಮ್ಮ ಮೆಷಿನ್ ಎರಡು ಬೇಸಿಗೆ ಓಡಿತಂತೆ. ಕ್ಯಾಸೆಟ್ ಬರುವಾಗಲೇ ಅದು ಸತ್ತಿತ್ತಂತೆ" ಎಂದೆ.

ಬಯ್ಯಬಹುದು, ಹೊಸದೊಂದು ಕಥೆ ಕಟ್ಟಬಹುದು, ತಪ್ಪಾಯಿತು ಎನ್ನಲೂಬಹುದು ಎಂದು ಕಾದೆ. ವಿಮಾನದಲ್ಲಿ ಮೂರಕ್ಕೂ ಉತ್ತರ ಕಟ್ಟಿಟ್ಟುಕೊಂಡು ಬಂದಿದ್ದೆ. ಅವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಕಾವೂರು ದಾಟಿದ ಮೇಲೆ, "ಹಮೀದ್ ಹೇಗಿದ್ದಾನೆ? ಈಗಲೂ ಶುಕ್ರವಾರ ಮೀನಿಗೆ ಹೋಗ್ತಾನಾ?" ಎಂದು ಕೇಳಿದರು.

"ಅಷ್ಟು ಆಸೆಯಾದರೆ ನೀವೂ ಹೋಗಿ. ಸ್ಮಿತಾ ವೀಸಾ ಮಾಡಿಸಿ ಕೊಡ್ತಾಳೆ" ಎಂದೆ.

ಚುಚ್ಚಲೆಂದೇ ಹೇಳಿದ ಮಾತು. ಅವರಿಗೆ ಚುಚ್ಚಲೇ ಇಲ್ಲ. ಸೀಟಿನಲ್ಲಿ ಪೂರ್ತಿ ನನ್ನ ಕಡೆಗೆ ತಿರುಗಿ ಕೂತರು.

"ಆಗ್ತದಾ?" ಎಂದರು. "ಈ ವಯಸ್ಸಿಗೆ ಕೊಡ್ತಾರಾ?"