ಛೀ ತಾತ ತೊಳೆದ ಕಾರು

ನಮ್ಮ ಮಾವನವರಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಛೀ ತಾತ. ಅವರ ಬಾಯಿಂದ ದಿನವಿಡೀ ಉದುರುವ ಮಾತನ್ನೇ ಹೆಕ್ಕಿ ಅವರಿಗೆ ತೊಡಿಸಿದ್ದು, ಅಷ್ಟೇ. ದೊಡ್ಡದೊಂದು ಲಾಂಡ್ರಿಯಲ್ಲಿ ಮೇಲ್ವಿಚಾರಕರಾಗಿ ದುಡಿದು ನಿವೃತ್ತರಾದವರು. ಹೋಟೆಲು, ಆಸ್ಪತ್ರೆಗಳ ಚಾದರಗಳನ್ನು ಬೆಳಕಿಗೆ ಹಿಡಿದು ಕಲೆ ಹುಡುಕುವುದು ಅವರ ಕೆಲಸವಾಗಿತ್ತು. ಸಂಬಳ ನಿಂತರೂ ಕೆಲಸ ನಿಲ್ಲಲಿಲ್ಲ. ಅತ್ತೆ ಬದುಕಿದ್ದಾಗ ಅವರು ಕೊಟ್ಟ ನೀರಿನ ಲೋಟವನ್ನೂ ಕಿಟಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದರಂತೆ. ಅತ್ತೆ ಹೋದ ಮೇಲೆ ಆ ಭಾಗ್ಯ ನನ್ನ ಪಾಲಿಗೆ ಬಂತು. ನಾನಿಟ್ಟ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ, ಆ ಬೆರಳನ್ನು ಮೂಸಿ ನೋಡಿ, ಆಮೇಲೆ ಊಟಕ್ಕೆ ಕೈ ಹಾಕುತ್ತಿದ್ದರು. ಕೊಳೆ ಕಂಡರೆ ಹೇಸುವ ಮನುಷ್ಯನನ್ನು ಕಂಡರೂ ಹೇಸಿಗೆಯಾಗಬಹುದೆಂದು ನನಗೆ ಗೊತ್ತಾದದ್ದು ಈ ಮನೆಗೆ ಬಂದ ಮೇಲೆ.

ಅವರ ಅಕ್ಕರೆಯೆಲ್ಲ ಕಾರಿನ ಮೇಲೆ. ಅವರಿಗೆ ಓಡಿಸಲು ಬರುವುದಿಲ್ಲ, ತೊಳೆಯಲು ಬರುತ್ತದೆ. ಓಡಿಸುವವಳು ನಾನು. ಪಕ್ಕದ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ನನ್ನ ಶಿಫ್ಟಿನ ಹೊತ್ತಿಗೆ ಬಸ್ಸಿಲ್ಲ. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ. ಮನೆಗೆ ಬರುವ ದಾರಿಯ ಕೊನೆಯಲ್ಲಿ ಉದ್ದನೆಯ ಇಳಿಜಾರು, ಬ್ರೇಕ್ ಒತ್ತುತ್ತಲೇ ಇಳಿಯಬೇಕು. ಗೇಟಿನೊಳಗೆ ಬಂದು ಇಂಜಿನ್ ಆರಿಸುವಷ್ಟರಲ್ಲಿ ಮಾವ ಪೈಪು ಹಿಡಿದು ನಿಂತಿರುತ್ತಿದ್ದರು. ನಾನು ಇಳಿಯುವ ಮೊದಲೇ ಚಕ್ರಗಳಿಗೆ ಅಭಿಷೇಕ.

"ಛೀ, ಎಲ್ಲೆಲ್ಲಿ ನುಗ್ಗಿಸಿಕೊಂಡು ಬರ್ತೀಯಮ್ಮ" ಎಂಬುದೇ ನನಗೆ ಸಿಗುತ್ತಿದ್ದ ಸ್ವಾಗತ.

ಆ ಕಾರಿಗೆ ನಡುಕ ಹತ್ತಿತು. ಎಂಬತ್ತರವರೆಗೆ ಸಾಧು. ಎಂಬತ್ತು ದಾಟಿತೋ, ಸ್ಟೀರಿಂಗ್ ಅಂಗೈಯಲ್ಲಿ ಗುರುಗುಡಲು ಶುರು. ತೊಂಬತ್ತಕ್ಕೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತಿತ್ತು. ಆ ವೇಗದಲ್ಲಿ ಬ್ರೇಕ್ ಒತ್ತಿದರೆ ಇನ್ನೊಂದು ತರಹ: ಪೆಡಲು ಪಾದವನ್ನೇ ತಿರುಗಿ ಒದೆಯುತ್ತಿತ್ತು, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಜಗ್ಗುತ್ತಿತ್ತು. ಬ್ರೇಕ್ ಮುಟ್ಟದಿದ್ದರೂ ಬರುವ ನಡುಕ ಒಂದು, ಮುಟ್ಟಿದರೆ ಮಾತ್ರ ಬರುವ ನಡುಕ ಇನ್ನೊಂದು. ಇದು ಎರಡು ಕಾಯಿಲೆ ಎಂದು ನಾನು ಬಾಯಿ ಬಿಟ್ಟು, ಬಿಡಿಸಿ ಹೇಳಿದೆ. ಗೋಡೆಗೆ ಹೇಳಿದ್ದರೂ ಅಷ್ಟೇ ಆಗುತ್ತಿತ್ತು.

ಗಂಡ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದರು.

"ಏನೂ ಇಲ್ವಲ್ಲ. ಚೆನ್ನಾಗೇ ಹೋಗ್ತಿದೆ."

"ಎಂಬತ್ತು ದಾಟಿಸಿದ್ರಾ?"

"ಪೇಟೇಲಿ ಯಾರಾದ್ರೂ ಎಂಬತ್ತರಲ್ಲಿ ಹೋಗ್ತಾರಾ?"

ಗ್ಯಾರೇಜಿನವನದೂ ಅದೇ ರಾಗ. ಚಕ್ರಗಳನ್ನು ಮಿಷನ್ನಿಗೆ ಹಾಕಿ ಬ್ಯಾಲೆನ್ಸ್ ಮಾಡಿ ಕೊಟ್ಟ. ಮೊದಲನೆಯ ನಡುಕ ನಿಂತಿತು, ಎರಡನೆಯದು ಹಾಗೇ ಉಳಿಯಿತು. ಭಾನುವಾರ ಕಳೆದು ಸೋಮವಾರ ಹೊರಟರೆ ಮೊದಲನೆಯದೂ ಹಾಜರು. ಮತ್ತೆ ಗ್ಯಾರೇಜು, ಮತ್ತೆ ಭಾನುವಾರ, ಮತ್ತೆ ನಡುಕ. ಮೂರನೆಯ ಸಲ ಅವನು ಬಿಸ್ಕತ್ತು ಅಗಿಯುತ್ತಾ, "ಸ್ವಲ್ಪ ಗುಂಡಿ ನೋಡ್ಕೊಂಡು ಓಡಿಸಿ ಮೇಡಂ" ಎಂದ. ಬಿಸ್ಕತ್ತಿನ ಮೇಲೆ ಅವನ ಬೆರಳಿನ ಕರಿ ಗ್ರೀಸು ಮುದ್ರೆ ಒತ್ತಿತ್ತು.

ಕೊನೆಗೆ ತೀರ್ಪು ಕೊಟ್ಟವರು ಮಾವ. "ಕಾರಿಗೇನೂ ಆಗಿಲ್ಲ. ಅವಳ ಕೈ ನಡುಗುತ್ತೆ. ಹೆದರಿಕೆ."

ಗಂಡ ಅದಕ್ಕೆ ಒಗ್ಗರಣೆ ಹಾಕಿದರು. "ಮಾರಿಬಿಡೋಣ. ನೀನೂ ಕೆಲಸ ಬಿಟ್ಟು ಮನೇಲಿ ಆರಾಮಾಗಿರು."

ನನಗೆ ಮೈಯೆಲ್ಲ ಉರಿದುಹೋಯಿತು. ಹಸುಗೂಸಿನ ನೂಲೆಳೆಯಂಥ ನರಕ್ಕೆ ಒಂದೇ ಸಲಕ್ಕೆ ಸೂಜಿ ಇಳಿಸುವ ಕೈ ನನ್ನದು. ಡಾಕ್ಟರುಗಳು ತಮ್ಮ ಮಕ್ಕಳ ರಕ್ತ ತೆಗೆಸಲು ನನ್ನನ್ನೇ ಕೂಗುತ್ತಾರೆ. ಆ ಕೈಯ ಮೇಲೆ ಗೂಬೆ ಕೂರಿಸಿ ಅಪ್ಪ ಮಗ ಇಬ್ಬರೂ ನೆಮ್ಮದಿಯಾಗಿ ಕಾಫಿ ಕುಡಿದರು.

ಕಾರು ನೋಡಲು ಒಬ್ಬರು ಬರುವವರಿದ್ದರು. ಅದಕ್ಕೂ ಮೊದಲು ನಾಲ್ಕೂ ಚಕ್ರ ನನ್ನ ಕಣ್ಣೆದುರಿಗೆ ಬಿಚ್ಚಿಸಲೇಬೇಕೆಂದು ಹಟ ಹಿಡಿದೆ. ಮಾವ ತಾವೂ ಹೊರಟರು. "ಆ ಕೊಳಕನಿಗೆ ನಾಲ್ಕು ಮಾತು ಹೇಳೋದಿದೆ" ಎಂದರು.

ಗ್ಯಾರೇಜಿನ ನೆಲ ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಮಾವ ಮೂಗಿಗೆ ಕರವಸ್ತ್ರ ಒತ್ತಿಕೊಂಡು ತುದಿಗಾಲಿನಲ್ಲಿ ಒಳಗೆ ಬಂದರು. ಗ್ಯಾರೇಜಿನವನು ಬಾಯಿ ತೆರೆಯುವ ಮೊದಲೇ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಅವನ ಮೇಜಿನ ಮೇಲೆ ಸುರಿದರು. ಬೂದು ಬಣ್ಣದ ಲೋಹದ ಚೂರುಗಳು, ಬೆರಳ ತುದಿಯಷ್ಟು ಅಗಲ, ಹಿಂದೆ ಅಂಟು.

"ಇದೇನ್ರೀ ನಿಮ್ಮ ಕೆಲಸ? ರಿಪೇರಿ ಮಾಡಿ ಕಳಿಸ್ತೀರ, ಚಕ್ರದ ಒಳಗೆಲ್ಲ ಈ ಹೇಸಿಗೆ ಅಂಟಿಸಿರ್ತೀರ. ಪ್ರತಿ ಭಾನುವಾರ ಸ್ಕ್ರೂಡ್ರೈವರ್ ಹಾಕಿ ಕೆರೆದು ಕೆರೆದು ನನ್ನ ಉಗುರು ಕಿತ್ತುಹೋಗಿದೆ."

ಗ್ಯಾರೇಜಿನವನು ಅಗಿಯುವುದನ್ನು ನಿಲ್ಲಿಸಿದ. ಒಂದು ಚೂರನ್ನು ಎತ್ತಿ ನೋಡಿದ, ಮಾವನನ್ನು ನೋಡಿದ.

"ಯಜಮಾನ್ರೇ, ಇವು ತೂಕದ ಚೂರು. ಚಕ್ರ ಒಂದು ಕಡೆ ಭಾರ ಇದ್ರೆ ಇನ್ನೊಂದು ಕಡೆ ಇವನ್ನ ಅಂಟಿಸಿ ಸಮ ಮಾಡ್ತೀವಿ. ಇವನ್ನೇ ಕಿತ್ತರೆ ಗಾಡಿ ನಡುಗದೆ ಇನ್ನೇನು ಮಾಡುತ್ತೆ?"

ಆಮೇಲೆ ಅವನು ನಕ್ಕ ನಗುವಿಗೆ ಬಿಸ್ಕತ್ತಿನ ಪುಡಿ ಮಾವನ ಅಂಗಿಯ ಮೇಲೆಲ್ಲ ಬಿತ್ತು. ಪಕ್ಕದ ಅಂಗಡಿಯವನನ್ನೂ ಕರೆದು ತೋರಿಸಿ ಇನ್ನೊಮ್ಮೆ ನಕ್ಕ. ಮಾವ ಅಂಗಿ ಕೊಡವಿಕೊಳ್ಳಲಿಲ್ಲ.

ಮುಂದಿನ ಚಕ್ರ ಬಿಚ್ಚಿದರೆ, ಬ್ರೇಕ್ ಹಿಡಿದು ನಿಲ್ಲಿಸುವ ಉಕ್ಕಿನ ಬಿಲ್ಲೆಯ ಮೇಲೆ ಕಾದು ಎದ್ದ ನೀಲಿ ಮಚ್ಚೆಗಳು. ಗ್ಯಾರೇಜಿನವನು ಗಡಿಯಾರದಂಥ ಅಳತೆಯ ಮುಳ್ಳು ಕೂರಿಸಿ ಬಿಲ್ಲೆಯನ್ನು ಮೆಲ್ಲಗೆ ತಿರುಗಿಸಿದ. ಮುಳ್ಳು ಹಿಂದಕ್ಕೂ ಮುಂದಕ್ಕೂ ಓಲಾಡಿತು. ಬಿಲ್ಲೆ ಸೊಟ್ಟ.

"ಕಾದಿರುವಾಗ ಯಾರಾದ್ರೂ ತಣ್ಣೀರು ಹುಯ್ತೀರಾ?"

"ಬಂದ ತಕ್ಷಣ ತೊಳೀದೆ ಹೋದ್ರೆ ಧೂಳು ಕಚ್ಕೊಳ್ಳುತ್ತೆ" ಎಂದರು ಮಾವ. ದನಿ ಮಾತ್ರ ಅರ್ಧಕ್ಕೆ ಇಳಿದಿತ್ತು.

"ಹಾಗಾದ್ರೆ ಸೊಟ್ಟ ಆಗಿರೋದು ಅದಕ್ಕೇ. ಇಳಿಜಾರಲ್ಲಿ ಕಾದು ಬಂದಿರುತ್ತೆ, ಪಾಪ."

ನನಗೆ ಅವನ ಮೇಲೂ ಪಿತ್ತ ನೆತ್ತಿಗೇರಿತು. "ಮೂರು ಸಲ ಬಂದಾಗ ಈ ಮುಳ್ಳು ಎಲ್ಲಿತ್ತು?"

"ಬ್ರೇಕ್ ಅಂತ ಈಗ ತಾನೇ ಹೇಳಿದ್ರಿ ಮೇಡಂ."

"ಮೂರು ಸಲವೂ ಹೇಳಿದ್ದೆ."

"ಹೇಳಿರಬಹುದು" ಎಂದು ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಹೊಸ ಬಿಲ್ಲೆ ಬಂತು, ಹೊಸ ತೂಕ ಅಂಟಿತು. ನಾನು ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೇ ತಿರುಗಿಸಿದೆ. ಎಂಬತ್ತು, ತೊಂಬತ್ತು. ಸ್ಟೀರಿಂಗ್ ಮಿಸುಕಲಿಲ್ಲ. ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಬ್ರೇಕ್ ಒತ್ತಿದೆ. ಕಾರು ನೆಟ್ಟಗೆ ಬಂದು ನಿಂತಿತು. ಮಾವ ನನ್ನ ಕೈಗಳನ್ನೇ ನೋಡುತ್ತಿದ್ದರು. ನಾನು ಕಾದೆ. ಒಂದು ಮಾತು, ಒಂದೇ ಮಾತು ಬರುತ್ತದೆಂದು ಕಾದೆ.

ಅಷ್ಟರಲ್ಲಿ ಗಂಡನ ಫೋನು. ಮಾವನೇ ಎತ್ತಿಕೊಂಡರು.

"ಕಾರು ಮಾರೋದು ಬೇಡಪ್ಪ. ಬರೋರಿಗೆ ಬೇಡ ಅಂತ ಹೇಳಿಬಿಡು. ಇವಳು ಚೆನ್ನಾಗೇ ಓಡಿಸ್ತಾಳೆ."

"ಮತ್ತೆ ಏನಾಗಿತ್ತಂತೆ?" ಗಂಡನ ದನಿ ನನಗೂ ಕೇಳಿಸಿತು.

ಮಾವ ಕಿಟಕಿಯಾಚೆ ನೋಡಿದರು. "ಏನೋ, ಗ್ಯಾರೇಜಿನವನ ತಪ್ಪು. ಕೊಳಕು ಮನುಷ್ಯ. ನೆಟ್ಟಗೆ ಅಂಟಿಸಿರಲಿಲ್ಲ."

ಫೋನು ಕಿತ್ತುಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕೆಲಸ ಉಳಿದಿತ್ತು, ಕಾರು ಉಳಿದಿತ್ತು. ಮತ್ತೆ ಹೊರಡುವ ಮೊದಲು ಹಿಂದಿನ ಗಾಡಿ ನೋಡಲು ಕನ್ನಡಿಗೆ ಕಣ್ಣು ಹಾಯಿಸಿದರೆ ಅಲ್ಲಿ ನನ್ನದೇ ಮುಖ ಕಂಡಿತು. ಚೆನ್ನಾಗೇ ಓಡಿಸ್ತಾಳೆ ಎಂದ ಆ ಒಂದು ಬಿಸಾಕಿದ ಮಾತಿಗೆ ಅದು ಊರಗಲ ಅರಳಿ ಕೂತಿತ್ತು. ಮಾವನನ್ನು ಕಂಡಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ.