ಚೀಲ ಕಾಯುವವಳು ನೀರಿಗಿಳಿದದ್ದು

ಪ್ರತಿ ಜುಲೈ ತಿಂಗಳಲ್ಲಿ ಒಂದು ಶನಿವಾರ ನಾವು ನಾಲ್ಕು ಕನ್ನಡದ ಮನೆಯವರು ಸೇರಿ ಉತ್ತರ ನ್ಯೂಜೆರ್ಸಿಯ ಒಂದು ಕೆರೆಗೆ ಹೋಗುತ್ತೇವೆ. ಲೇಕ್ ಎನ್ನಬೇಕು, ನನ್ನ ಬಾಯಿಗೆ ಕೆರೆಯೇ ಬರುತ್ತದೆ. ದಡದಿಂದ ಒಂದಷ್ಟು ದೂರದಲ್ಲಿ ಮರದ ಹಲಗೆಗಳನ್ನು ಜೋಡಿಸಿದ ಒಂದು ಅಟ್ಟಣೆ ನೀರಿನ ಮೇಲೆ ತೇಲುತ್ತಿರುತ್ತದೆ. ಈಜು ಬರುವವರು ಅಲ್ಲಿಯವರೆಗೆ ಹೋಗಿ, ಪುಟ್ಟ ಏಣಿ ಹತ್ತಿ, ಕಾಲು ಇಳಿಬಿಟ್ಟು ಕೂರುತ್ತಾರೆ. ಅಲ್ಲಿ ತಿನ್ನಲು ಏನೂ ಇಲ್ಲ, ನೆರಳೂ ಇಲ್ಲ. ಆದರೂ ಅವರ ನಗು ದಡದವರೆಗೆ ಕೇಳಿಸುತ್ತದೆ.

ದಡದಲ್ಲಿ ನಾನಿರುತ್ತೇನೆ. ಎಲ್ಲರ ಚೀಲ, ಚಪ್ಪಲಿ, ಕಾರಿನ ಕೀ, ಫೋನು, ಪುಳಿಯೋಗರೆ ಡಬ್ಬಿ ನನ್ನ ಸುತ್ತ. "ಆಂಟಿ ಹೇಗೂ ಇಲ್ಲೇ ಇರ್ತಾರೆ, ಅವ್ರ ಹತ್ರ ಕೊಟ್ಬಿಡು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನೀರಿಗೆ ಓಡುತ್ತಾರೆ. ಹದಿನಾಲ್ಕು ವರ್ಷ ಹೀಗೆ ಕಾದಿದ್ದೇನೆ. ಬೇಸರವೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ.

ಹೋದ ವರ್ಷ ಹದಿನೈದು ವರ್ಷದ ನನ್ನ ಮಗಳು ಒಬ್ಬ ಅಮೆರಿಕನ್ ಗೆಳತಿಯನ್ನು ಜೊತೆಗೆ ಕರೆತಂದಿದ್ದಳು. ಆ ಹುಡುಗಿ ಪಾಪ, ನನ್ನನ್ನೂ ನೀರಿಗೆ ಕರೆದಳು. ನಾನು ಬಾಯಿ ತೆರೆಯುವ ಮೊದಲೇ ಮಗಳು, "ಓ, ಮೈ ಮಾಮ್ ಡಸಂಟ್ ಡೂ ವಾಟರ್" ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಮ್ಮಮ್ಮ ಮೊಟ್ಟೆ ತಿನ್ನಲ್ಲ ಎನ್ನುವ ಹಾಗೆ ಹೇಳಿದ್ದಳು, ಅಷ್ಟೇ. ಇಬ್ಬರೂ ಓಡಿದರು. ನಾನು ಅವರ ಟವೆಲ್ ಮಡಿಸುತ್ತಾ ಕೂತೆ. ಮಡಿಸಿದ್ದನ್ನೇ ಎರಡನೆಯ ಸಲ ಮಡಿಸಿದೆ.

ನನ್ನ ಬಳಿ ಒಂದು ಡೈರಿ ಇದೆ. ಬಸ್ಸು ಎಷ್ಟು ತಡವಾಯಿತು, ಈ ಚಳಿಯಲ್ಲಿ ಮೊಸರು ಹೆಪ್ಪುಗಟ್ಟಿತೇ, ಮೆಂತ್ಯದ ಕಟ್ಟು ಚೆನ್ನಾಗಿತ್ತೇ, ಇಂಥವನ್ನೇ ಬರೆಯುತ್ತೇನೆ. ಆ ದಿನ ಮನೆಗೆ ಬಂದು ಬರೆದೆ: "ಮುಂದಿನ ಜುಲೈಗೆ ಆ ಹಲಗೆಯ ಮೇಲೆ ನಾನು ಕೂರಬೇಕು." ಆಗ ನನಗೆ ನಲವತ್ತೊಂಬತ್ತು ತುಂಬಿತ್ತು.

ನಮ್ಮ ಮನೆ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತೇನೆ. ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ತಂಡವನ್ನು ನೋಡಿಕೊಳ್ಳುವ ಕೆಲಸ. ಬಸ್ಸು ಟರ್ನ್‌ಪೈಕ್ ಹೆದ್ದಾರಿ ಸೇರಿದ ಮೇಲೆಯೇ ಫ್ಲಾಸ್ಕಿನ ಮುಚ್ಚಳ ತೆಗೆದು ಫಿಲ್ಟರ್ ಕಾಫಿ ಬಗ್ಗಿಸಿಕೊಳ್ಳುವುದು ನನ್ನ ನಿಯಮ. ಅದಕ್ಕೆ ಮೊದಲು ಕುಡಿದರೆ ದಿನವಿಡೀ ಏನೋ ಮುಗಿದುಹೋದ ಹಾಗಿರುತ್ತದೆ.

ಮಾರ್ಚಿನಲ್ಲಿ ಮನೆಗೆ ಹತ್ತಿರದ ಈಜುಕೊಳದಲ್ಲಿ ದೊಡ್ಡವರ ಕ್ಲಾಸಿಗೆ ಸೇರಿದೆ. ಎಂಟು ಶನಿವಾರ, ಬೆಳಿಗ್ಗೆ ಏಳಕ್ಕೆ. ಕಲಿಸುವವರು ಎಪ್ಪತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ. ಬಿಳಿ ಕ್ರಾಪು, ಕೊರಳಲ್ಲಿ ಸೀಟಿ. ಕೊಳದ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡುವೆ ನಿಲ್ಲದೆ ಹೋಗುವುದು ಕೊನೆಯ ದಿನದ ಪರೀಕ್ಷೆ ಎಂದು ಮೊದಲೇ ಹೇಳಿದರು. ಅಷ್ಟು ಬಂದರೆ ಹಲಗೆಯೂ ದೂರವಲ್ಲ ಎಂದು ನಾನು ಮನಸ್ಸಿನಲ್ಲೇ ಅಳೆದುಕೊಂಡೆ. ಮೊದಲ ಎರಡು ವಾರ ಗೋಡೆ ಹಿಡಿದುಕೊಂಡು ಮುಖ ಮುಳುಗಿಸಿ ಉಸಿರು ಬಿಡುವುದನ್ನೇ ಕಲಿತೆ. ಬಸ್ಸಿನಲ್ಲೂ ಅಭ್ಯಾಸ ಮಾಡುತ್ತಿದ್ದೆ. ಬಸ್ಸು ನದಿಯಡಿಯ ಲಿಂಕನ್ ಟನಲ್ ಒಳಗೆ ಹೋದ ಕೂಡಲೇ ಉಸಿರು ಎಳೆದುಕೊಂಡು, ಎಣಿಸುತ್ತಾ ನಿಧಾನವಾಗಿ ಬಿಡುವುದು. ಒಂದು ದಿನ ಪಕ್ಕದವನು ಲ್ಯಾಪ್‌ಟಾಪ್ ಮುಚ್ಚಿ, "ಆರ್ ಯೂ ಓಕೆ, ಮ್ಯಾಮ್?" ಎಂದು ಕೇಳಿದ.

ಮೂರನೆಯ ಶನಿವಾರ ನಡೆದದ್ದನ್ನು ಹೇಳಲೇಬೇಕು.

ನಮ್ಮ ತಾಯಿಯ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಶುಕ್ರವಾರ ಎಣ್ಣೆಸ್ನಾನ. ನಾನು ಅದನ್ನು ಇಲ್ಲಿಗೂ ತಂದಿದ್ದೇನೆ, ಸ್ವಲ್ಪ ಬದಲಾಯಿಸಿಕೊಂಡು. ಶುಕ್ರವಾರ ಮನೆಯಿಂದಲೇ ಕೆಲಸ. ಬೆಳಿಗ್ಗೆ ನೆತ್ತಿಗೆ ಎಣ್ಣೆ ತಟ್ಟಿಕೊಂಡು, ಕ್ಯಾಮೆರಾ ಆಫ್ ಮಾಡಿಕೊಂಡು ಮೀಟಿಂಗಿಗೆ ಕೂರುವುದು ನನ್ನ ವಾರದ ದೊಡ್ಡ ಸುಖಗಳಲ್ಲೊಂದು. ಅಷ್ಟೂ ಜನ ಸ್ಕ್ರೀನಿನಲ್ಲಿ ಗಂಭೀರವಾಗಿ ಮಾತಾಡುತ್ತಿದ್ದರೆ ನನ್ನ ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿರುತ್ತದೆ. ತಲೆ ತೊಳೆಯುವುದಕ್ಕೆ ಅವತ್ತು ಬಿಡುವಾಗುವುದಿಲ್ಲ, ಶನಿವಾರ ತೊಳೆಯುತ್ತೇನೆ.

ಆ ವಾರ ಒಂದು ಜಾಣತನ ಹೊಳೆಯಿತು. ಕೊಳದ ನೀರಿನ ಕ್ಲೋರಿನ್ನಿಗೆ ಕೂದಲು ಹಾಳಾಗುತ್ತದೆ ಅನ್ನುತ್ತಾರಲ್ಲ, ಎಣ್ಣೆ ಇದ್ದರೆ ರಕ್ಷಣೆ. ಶುಕ್ರವಾರದ ಎಣ್ಣೆಯ ಮೇಲೆ ಶನಿವಾರ ಬೆಳಿಗ್ಗೆ ಇನ್ನೊಂದು ಸುತ್ತು ಹಚ್ಚಿದೆ. ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ. ಹೇಗೂ ನೀರಿಗೇ ಇಳಿಯುವವಳು, ಮೊದಲು ಯಾಕೆ ಸ್ನಾನ ಎಂದು ಅಲ್ಲಿನ ಶವರ್ ಕೆಳಗೆ ಕಾಲಷ್ಟೇ ನೆನೆಸಿಕೊಂಡೆ.

ಅವತ್ತು ಮೊದಲ ಸಲ ಗೋಡೆ ಬಿಟ್ಟೆ. ನಾಲ್ಕು ಸಲ ಕಾಲು ಬಡಿದಿರಬೇಕು, ತಲೆಯ ಮೇಲಿದ್ದ ರಬ್ಬರ್ ಟೋಪಿ ಪುಳಕ್ಕನೆ ಜಾರಿ ಮುಂದೆ ಹೋಯಿತು. ನನಗಿಂತ ಅದೇ ಚೆನ್ನಾಗಿ ತೇಲಿತು. ಅದರ ಹಿಂದೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತು, ಮಳೆ ಬಂದು ನಿಂತ ಮೇಲೆ ಪೆಟ್ರೋಲ್ ಬಂಕಿನ ಮುಂದೆ ಕಾಣುವ ಹಾಗೆ. ಪಕ್ಕದ ಸಾಲಿನವರು ಮೂಗೇರಿಸಿದರು. ಲೈಫ್‌ಗಾರ್ಡ್ ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಹತ್ತಿಸಿದ. ಪಂಪಿನಿಂದ ಏನೋ ಸೋರಿದೆ ಎಂದುಕೊಂಡು ಇಬ್ಬರು ಮೆಷಿನ್ ರೂಮಿಗೆ ಓಡಿದರು.

ಸುಮ್ಮನಿರಬಹುದಿತ್ತು. ಹನ್ನೊಂದು ಜನ ಟವೆಲ್ ಸುತ್ತಿಕೊಂಡು ನಡುಗುತ್ತಾ ನಿಂತಿದ್ದರು. ಟೆಸ್ಟಿಂಗ್ ತಂಡದಲ್ಲಿ ಯಾರಾದರೂ ತಪ್ಪು ಮುಚ್ಚಿಟ್ಟರೆ ನಾನೇ ಎಷ್ಟು ರೇಗುತ್ತೇನೆ! ಶಿಕ್ಷಕಿಯ ಹತ್ತಿರ ಹೋಗಿ, ಅದು ಪಂಪಿನದಲ್ಲ, ನನ್ನ ತಲೆಯದು ಎಂದೆ. ಅವರು ಬಗ್ಗಿ ನನ್ನ ಕೂದಲು ಮೂಸಿದರು. "ಬೆಳಗಿನಿಂದ ಯಾರು ಕೊಬ್ಬರಿ ಕುಕೀ ಬೇಯಿಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಉಳಿದವರ ಕಡೆ ತಿರುಗಿ ಅವತ್ತಿನ ಕ್ಲಾಸು ಮುಗಿಯಿತೆಂದು ಸಾರಿದರು.

ಮನೆಯಲ್ಲಿ ಮಗಳು ಸೋಫಾದಿಂದ ಎದ್ದು ಕೂತಳು. "ಅಮ್ಮಾ! ಯೂ ಆಯಿಲ್ಡ್ ದ ಪೂಲ್?"

"ಒಂಚೂರು ಸಾಸಿವೆ, ಕರಿಬೇವು ತಗೊಂಡು ಹೋಗಿದ್ರೆ ಒಗ್ಗರಣೇನೂ ಆಗೋಗಿರೋದು" ಎಂದರು ನನ್ನ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ನಗಿ, ನಗಿ. ನಿಮ್ಗೂ ಒಂದಿನ ಇದೆ."

"ಹಂಗಾದ್ರೆ ಮುಂದಿನ್ವಾರ ಹೋಗಲ್ಲ ತಾನೆ? ಶನಿವಾರ ಬೆಳಿಗ್ಗೆ ದೋಸೆ ಉಂಟಾ?"

ಹೋಗಬಾರದು ಎಂದೇ ಇದ್ದೆ. ಆ ದೋಸೆಯ ಮಾತು ಕೇಳಿದ ಮೇಲೆ ಹೋಗಲೇಬೇಕು ಅನಿಸಿತು. "ಹಿಟ್ಟು ಫ್ರಿಜ್ಜಲ್ಲಿರತ್ತೆ, ಹುಯ್ಕೊಳ್ಳಿ" ಎಂದೆ.

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಹೋದೆ. ಎರಡು ಸಲ ಶ್ಯಾಂಪೂ ಹಾಕಿ ತೊಳೆದ ಕೂದಲು. ಕೊಳದ ಬಾಗಿಲಲ್ಲಿ ನಿಯಮಗಳ ಬೋರ್ಡಿನ ಕೆಳಗೆ ಹೊಸದೊಂದು ಹಾಳೆ ಅಂಟಿಸಿದ್ದರು: ತಲೆಗೆ ಯಾವ ಬಗೆಯ ಎಣ್ಣೆಯೂ ಕೂಡದು. ಅದನ್ನು ಓದಿ, ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಎಣ್ಣೆಯನ್ನು ಭಾನುವಾರಕ್ಕೆ ಬದಲಾಯಿಸಿದೆ. ಹೆಣ್ಣುಮಕ್ಕಳು ಭಾನುವಾರ ಎಣ್ಣೆ ಮುಟ್ಟುವುದುಂಟೇ ಎಂದು ಅಮ್ಮ ಫೋನಿನಲ್ಲಿ ಬೈದರು. ಬೈಸಿಕೊಂಡೆ.

ಆರನೆಯ ವಾರದ ಹೊತ್ತಿಗೆ ಕೊಳದ ಮುಕ್ಕಾಲು ಭಾಗ ಹೋಗುತ್ತಿದ್ದೆ. ಅಷ್ಟಾದ ಮೇಲೆ ದಮ್ಮು ಕಟ್ಟುತ್ತಿತ್ತು, ಎದ್ದು ನಿಂತುಬಿಡುತ್ತಿದ್ದೆ. "ಸುಸ್ತಾದರೆ ನಿಲ್ಲಬೇಡ, ಮಗುಚಿಕೋ. ಅಂಗಾತ ಮಲಗು, ಉಸಿರಾಡು, ಮತ್ತೆ ಹೊರಡು. ಕೆರೆಯಲ್ಲಿ ನಿಲ್ಲಲು ನೆಲ ಸಿಗುವುದಿಲ್ಲ" ಎಂದರು ಶಿಕ್ಷಕಿ. ಹಲಗೆಯ ವಿಷಯ ಅವರಿಗೊಬ್ಬರಿಗೇ ಹೇಳಿದ್ದೆ. ಏಳನೆಯ ಶನಿವಾರ ಅಂಗಾತ ತೇಲುವುದನ್ನು ಕಲಿಸುತ್ತೇನೆ ಎಂದರು.

ಆ ಶನಿವಾರವೇ ಆಫೀಸಿನಲ್ಲಿ ರಿಲೀಸ್ ಇಟ್ಟರು. ಹೊಸ ಸಾಫ್ಟ್‌ವೇರ್ ಚಾಲೂ ಮಾಡುವ ಬೆಳಿಗ್ಗೆ ಎಲ್ಲರೂ ಫೋನಿನಲ್ಲಿ ಇರಬೇಕು, ಅದು ರೂಢಿ. ಹನ್ನೆರಡು ವರ್ಷದಲ್ಲಿ ನಾನು ಒಂದನ್ನೂ ತಪ್ಪಿಸಿದವಳಲ್ಲ. ಮದುವೆಮನೆಯ ಪಾರ್ಕಿಂಗ್ ಲಾಟಿನಲ್ಲಿ ರೇಷ್ಮೆ ಸೀರೆ ಉಟ್ಟು ಕಾರಿನೊಳಗೆ ಕೂತು ಮಾತಾಡಿದ್ದುಂಟು. ಈ ಸಲ ನನ್ನ ಕೈಕೆಳಗಿನ ಹುಡುಗಿಗೆ ಎಲ್ಲ ಹಂತಗಳನ್ನೂ ಎರಡು ದಿನ ಕೂತು ತೋರಿಸಿಕೊಟ್ಟೆ. ಆಮೇಲೆ ಮ್ಯಾನೇಜರಿಗೆ ಏಳರಿಂದ ಎಂಟರವರೆಗೆ ನಾನಿರುವುದಿಲ್ಲ ಎಂದೆ.

"ಸುಮ್ಮನೆ ಡಯಲ್ ಇನ್ ಮಾಡಿ, ಮ್ಯೂಟ್‌ನಲ್ಲಿ ಇರಬಹುದಲ್ಲ?" ಎಂದರು ಅವರು.

"ಆಗುವುದಿಲ್ಲ. ನೀರಿನಲ್ಲಿರುತ್ತೇನೆ."

ಅವರು ಸರಿ ಎಂದರು. ಅಷ್ಟೇ. ಇಷ್ಟು ಸುಲಭವಿತ್ತೇ ಎಂದು ಅವತ್ತಿಡೀ ಯೋಚಿಸಿದೆ. ಎಂಟೂಕಾಲಿಗೆ ಒದ್ದೆ ಕೈಯಲ್ಲೇ ಫೋನು ತೆಗೆದು ನೋಡಿದರೆ ರಿಲೀಸ್ ಸುಸೂತ್ರವಾಗಿ ಮುಗಿದಿತ್ತು, ಹುಡುಗಿಗೆ ಎಲ್ಲರೂ ಶಾಭಾಸ್ ಹೇಳಿದ್ದರು. ಖುಷಿಯಾಯಿತು. ಸ್ವಲ್ಪ ಪಿಚ್ಚೆನಿಸಿದ್ದೂ ಸುಳ್ಳಲ್ಲ.

ಎಂಟನೆಯ ವಾರ ಗೋಡೆಯಿಂದ ಗೋಡೆಗೆ ಹೋದೆ, ನಡುವೆ ಒಮ್ಮೆ ಮಗುಚಿಕೊಂಡು. ಆಮೇಲೂ ಬಿಡಲಿಲ್ಲ. ಜೂನಿನಲ್ಲಿ ಸಿಕ್ಕ ಬೆಳಿಗ್ಗೆಗಳಲ್ಲೆಲ್ಲ ಹೋಗಿ, ನಿಲ್ಲದೆ ಕೊಳದ ಉದ್ದಕ್ಕೆ ಎರಡು ಸಲ ಈಜುವಷ್ಟಾದೆ.

ಜುಲೈ ಬಂತು. ಕೆರೆಯ ದಡದಲ್ಲಿ ಎಂದಿನಂತೆ ಚೀಲಗಳು ನನ್ನ ಕಡೆ ಬರತೊಡಗಿದವು. ಎಲ್ಲವನ್ನೂ ಒಟ್ಟು ಮಾಡಿ ಯಜಮಾನರ ಮುಂದಿಟ್ಟೆ.

"ಇದೇನೇ ಇದು?"

"ಸ್ವಲ್ಪ ನೋಡ್ಕೋತಿರಿ. ಬಂದೆ."

ಕೆರೆ ಕೊಳದ ಹಾಗಲ್ಲ. ತಣ್ಣಗೆ, ಕಪ್ಪಗೆ, ತಳ ಕಾಣದು. ಲೈಫ್‌ಗಾರ್ಡಿಗೆ ಹೇಳಿ ಹೊರಟೆ. ಅರ್ಧ ದಾರಿಯಲ್ಲಿ ಒಂದು ಗುಟುಕು ನೀರು ಮೂಗಿಗೇರಿತು. ಅಭ್ಯಾಸಬಲದಿಂದ ಕಾಲು ನೆಲ ಹುಡುಕಿತು. ನೆಲವಿರಲಿಲ್ಲ. ಮಗುಚಿಕೊಂಡೆ. ಮೇಲೆ ಒಂದು ಬಿಳಿ ಮೋಡ, ನಿಧಾನವಾಗಿ ಹೋಗುತ್ತಿತ್ತು. ಟನಲ್ ಒಳಗೆ ಎಣಿಸುವ ಹಾಗೆ ಎಣಿಸುತ್ತಾ ಉಸಿರು ಬಿಟ್ಟೆ. ಇಪ್ಪತ್ತಾದ ಮೇಲೆ ತಿರುಗಿ ಕಾಲು ಬಡಿಯತೊಡಗಿದೆ. ಏಣಿ ಕೈಗೆ ತಾಗುವವರೆಗೂ ತಲೆ ಎತ್ತಲಿಲ್ಲ.

ಮೇಲಿದ್ದ ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಕೈ ಚಾಚಿದಳು.

"ಬೇಡ, ನಾನೇ ಹತ್ತೀನಿ."

ಹತ್ತಿ ಕೂತೆ. ಹಲಗೆ ಬಿಸಿಲಿಗೆ ಬೆಚ್ಚಗಿತ್ತು. ಕಾಲು ಇಳಿಬಿಟ್ಟೆ. ಮಗಳು ಒದ್ದೆ ಭುಜವನ್ನು ನನ್ನ ಭುಜಕ್ಕೆ ಒತ್ತಿಕೊಂಡು, "ಹೌ ಆರ್ ಯೂ ಗೆಟಿಂಗ್ ಬ್ಯಾಕ್?" ಎಂದು ಕೇಳಿದಳು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಡೈರಿಯಲ್ಲಿ ಕೂರುವವರೆಗೆ ಮಾತ್ರ ಬರೆದಿದ್ದೆ.

ಅಷ್ಟರಲ್ಲಿ ದಡದಿಂದ ಕೂಗು ಕೇಳಿಸಿತು. ಯಜಮಾನರು ಚೀಲಗಳ ನಡುವೆ ನಿಂತು ಎರಡೂ ಕೈ ಎತ್ತಿದ್ದರು. "ಲೇ, ಮೊಸರನ್ನದ ಡಬ್ಬಿ ಯಾವ ಚೀಲದಲ್ಲಿದೆಯೇ?"

"ಹುಡುಕ್ರೀ!" ಎಂದು ಕೂಗಿದೆ. "ಬರೋದು ಸ್ವಲ್ಪ ತಡ ಆಗತ್ತೆ. ಈಜ್ಕೊಂಡೇ ಬರ್ಬೇಕಲ್ಲ!"