ಜೋಡು ಅರಿವೆಯ ಜಂಪರು

ಧಾರವಾಡದ ಸಪ್ತಾಪುರದಲ್ಲಿ ಹೆಂಗಸರ ಕುಪ್ಪಸ, ಜಂಪರು ಹೊಲಿಯುತ್ತಿದ್ದವಳು ಹಾಜರಾಬಿ. ಗಂಡ ಕಾಸಿಮಸಾಬ ತೀರಿಕೊಂಡಾಗ ಅವನ ಹೊಲಿಗೆ ಮಿಶಿನ್ ಮಾರಿಬಿಡು ಎಂದು ಮಂದಿ ಹೇಳಿದ್ದರು. ಅವಳು ಅದನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ತಾನೇ ಹೊಲಿಯಲು ಕೂತಳು. ಗಂಡಸರಿಗೆ ಅಳತೆ ಕೊಡುವ ಸಂಕೋಚ ತಪ್ಪಿತೆಂದು ದೊಡ್ಡ ಮನೆಗಳ ಹೆಂಗಸರು ಅವಳಲ್ಲಿಗೇ ಬರತೊಡಗಿದರು.

ಎರಡನೆಯ ಮಹಾಯುದ್ಧದ ಕಾಲ. ಅರಿವೆಗೂ ಕಂಟ್ರೋಲು ಬಂದು, ಬೇಕಾದಷ್ಟು ಸಿಗುತ್ತಿರಲಿಲ್ಲ. ರಮಜಾನ ಹಬ್ಬಕ್ಕೆ ಮಗಳು ಮೈಮುನಾಳಿಗೆ ಹೊಸ ಜಂಪರು ಹೊಲಿಯಬೇಕೆಂದರೆ ಮನೆಯಲ್ಲಿದ್ದ ಬಿಳಿ ಬಟ್ಟೆ ಮೈಗಷ್ಟೇ ಸಾಲುತ್ತಿತ್ತು. ಹಾಜರಾಬಿ ತನ್ನ ಹಳೆಯ ಖಣದ ಕುಪ್ಪಸ ಬಿಚ್ಚಿ, ಗಟ್ಟಿಯಿದ್ದ ಭಾಗದಿಂದ ಕೆಂಪು ತೋಳು ಹಚ್ಚಿದಳು.

ಮೈಮುನಾ ಮುಖ ಊದಿಸಿದಳು. "ಅಮ್ಮಾ, ಇದು ತ್ಯಾಪಿ ಹಚ್ಚಿದಂಗ ಕಾಣತೈತಿ. ಎಲ್ಲಾರೂ ನಗತಾರ."

"ತೋಳ ಮುಚಗೊಂಡು ಅಡ್ಡಾಡಿದ್ರ ತ್ಯಾಪಿ. ತಲಿ ಎತ್ತಿ ಅಡ್ಡಾಡು, ಹೊಸಾ ನಮೂನಿ ಅಂತಾರ."

ಹುಡುಗಿ ತಲೆ ಎತ್ತಿಯೇ ನಡೆದಳು. ವಕೀಲರ ಹೆಂಡತಿ ಸಾವಕ್ಕನ ಮನೆಗೆ ಹಬ್ಬದ ಸುರಕುಂಬಾ ಪಾಯಸ ಕೊಡಲು ಹೋದಾಗ, ಆಕೆ ಆ ತೋಳುಗಳನ್ನೇ ನೋಡುತ್ತ ನಿಂತಳು. ಮರುದಿನವೇ ಹಾಜರಾಬಿಯ ಬಾಗಿಲಿಗೆ ಬಂದಳು. ಆಕೆಯ ಟ್ರಂಕಿನ ತುಂಬ ರೇಶಿಮೆಯಿತ್ತು. ಕೇಳಿದ್ದು ಮಾತ್ರ ಬಿಳಿ ಮೈ, ಖಣದ ತೋಳು. ಅದನ್ನು ತೊಟ್ಟು ಹೆಂಗಸರ ಕೂಟವೊಂದಕ್ಕೆ ಹೋಗಿಬಂದದ್ದೇ ತಡ, ಊರಿನ ಸಾಹುಕಾರರ ಮನೆಯವರೆಲ್ಲ ಇದ್ದ ಇಡೀ ಅರಿವೆಯನ್ನೇ ಕತ್ತರಿಸಿ ಎರಡು ಬಣ್ಣ ಜೋಡಿಸಿಕೊಳ್ಳತೊಡಗಿದರು.

ಬೆಣ್ಣೆ ಮಾರುವ ರೇಣವ್ವನಿಗೂ ಆಸೆಯಾಯಿತು. ಎರಡು ತುಂಡು ಬಟ್ಟೆ ತಂದು ಹೊಲಿಸಿಕೊಂಡಳು. ಒಂದು ಮುಂಜಾನೆ ಅದನ್ನೇ ತೊಟ್ಟು ಸಾವಕ್ಕನ ಮನೆಗೆ ಬೆಣ್ಣೆ ಹೊತ್ತು ಹೋದಳು. ಹುಬ್ಬಳ್ಳಿಯಿಂದ ಬಂದ ಬೀಗರು ಪಡಸಾಲೆಯಲ್ಲಿದ್ದರು. ಸಾವಕ್ಕನ ಮೈಮೇಲೂ ಅದೇ ಜಂಪರು. ಬೀಗಿತ್ತಿ ಇಬ್ಬರನ್ನೂ ನೋಡಿ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು.

ಅವತ್ತೇ ಮಧ್ಯಾಹ್ನ ಸಾವಕ್ಕ ಬಂದಳು. "ಬೆಣ್ಣಿ ಮಾರಾಕಿಗೂ ಇದನ್ನ ಹೊಲದ ಕೊಟ್ಟೀಯೇನ?"

"ಆಕಿಗೂ ತೋಳ ಅದಾವಲ್ರಿ ಅಕ್ಕಾರ."

ಸಾವಕ್ಕ ನಗಲಿಲ್ಲ. "ನನಗ ಬ್ಯಾರೆ ನಮೂನಿ ತಗಿ. ಮತ್ತ್ಯಾರಿಗೂ ಹೊಲೀಬ್ಯಾಡ. ನಮ್ಮ ಮನಿ ಹೊಲಿಗಿ ಎಲ್ಲಾ ನಿನಗ."

ವರ್ಷವಿಡೀ ಕೆಲಸ ಸಿಗುವ ಮಾತದು. ಹಾಜರಾಬಿ ಕತ್ತರಿ ಕೆಳಗಿಟ್ಟಳು.

"ರೊಕ್ಕಾ ತೋರಸೂ ಮಾತಾಗಿದ್ರ ನೀವು ರೇಶಿಮಿ ತೊಡತಿದ್ರಿ ಅಕ್ಕಾರ. ರೇಣವ್ವನ ಮೈಮ್ಯಾಲ ಇಲ್ಲದ್ದು ನಿಮಗ ಬೇಕು. ನಾ ಏನ ಹೊಲದ್ರೂ ಆಕಿ ನೋಡತಾಳ, ಆಕಿಗೂ ಮನಸಾಗತೈತಿ. ಬಾಗಲಕ್ಕ ಬಂದಾಕಿನ್ನ ಹೊಳ್ಳಿ ಕಳಸೂದು ನನ್ನ ಕಡಿಂದ ಆಗೂದಿಲ್ರಿ."

ಸಾವಕ್ಕ ತಾನು ತಂದಿದ್ದ ಅರಿವೆಯನ್ನು ಹಾಗೆಯೇ ಮಡಚಿಕೊಂಡು ಎದ್ದಳು. ಆಕೆಯ ಹಿಂದೆ ಇನ್ನೂ ಕೆಲವು ಮನೆಗಳ ಕೆಲಸ ತಪ್ಪಿತು. ಮೈಮುನಾ ಹೆದರಿದಳು, ಹಾಜರಾಬಿ ಹೆದರಲಿಲ್ಲ. ರೇಣವ್ವ ಸಂತೆಯ ಹೆಂಗಸರನ್ನೆಲ್ಲ ಕರೆತಂದಳು. ಮಿಶಿನ್ ನಿಲ್ಲಲಿಲ್ಲ.

ಸಾವಕ್ಕ ಮತ್ತೆ ಬರಲಿಲ್ಲ. ಯುದ್ಧ ಮುಗಿದ ಮೇಲೆ ಆಕೆಯ ಹೊಸ ಸೊಸೆ ಬಂದು, ಅರಿವೆ ಮುಂದಿಟ್ಟು ಕೇಳಿದಳು: "ಈಗ ದೊಡ್ಡ ಮನ್ಯಾಗ ಎಂಥಾದ್ದು ನಡದೈತಿ? ಅಂಥಾದ್ದ ಹೊಲೀರಿ."

"ನಿಮಗ ಎಂಥಾದ್ದು ಛಲೋ ಅನಸತೈತಿ, ಅದನ್ನ ಹೇಳ್ರಿ."

ಆ ಹುಡುಗಿಯನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವಳು ಅರಿವೆಯ ಮೇಲೆ ಕೈಯಾಡಿಸುತ್ತ ಯೋಚಿಸತೊಡಗಿದಳು. ಹಾಜರಾಬಿ ಅವಸರ ಮಾಡಲಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು ಕಾದಳು.